ಒಂದೇ ಗಂಟೆ, ಎರಡು ಸಂಸಾರ

1998ರಲ್ಲಿ ಬೆಂಗಳೂರಿನ ಎಸ್.ಪಿ. ರೋಡಿನಿಂದ ಒಂದು ಇಂಟರ್ನಲ್ ಮೋಡೆಮ್ ತಂದೆ. 33.6 ಕೆಬಿಪಿಎಸ್. ನಗಬೇಡಿ, ಆಗ ಅದು ವೇಗ. ದೇಶಕ್ಕೆ ಇಂಟರ್ನೆಟ್ 1995ರ ಆಗಸ್ಟ್ 15ರಂದೇ ಬಂದಿತ್ತು. ನಮ್ಮ ಮನೆಗೆ ಬರುವುದೊಂದು ಬಾಕಿ. ಕಾರ್ಡನ್ನು ಐಎಸ್‌ಎ ಸ್ಲಾಟಿಗೆ ಒತ್ತಿ ಕೂರಿಸಿ ಡಯಲ್ ಮಾಡಿದೆ. ಮೋಡೆಮ್ ಕೀಂ ಎಂದಿತು. ಅದೇ ಗಳಿಗೆಗೆ ಮೌಸ್ ಸತ್ತಿತು.

ಮೌಸಿನ ಹೊಟ್ಟೆಯ ಉಂಡೆ ತೆಗೆದು ತೊಳೆದೆ. ವಿಂಡೋಸ್ 95 ಅಳಿಸಿ ಮತ್ತೆ ಹಾಕಿದೆ. ಎರಡು ಭಾನುವಾರ ಹಾಳಾದ ಮೇಲೆ ಅಂಗಡಿಯ ಹುಡುಗ ತಲೆಯೆತ್ತದೆ ಹೇಳಿದ: “ಐಆರ್‌ಕ್ಯೂ ಕಾನ್‌ಫ್ಲಿಕ್ಟ್ ಸಾರ್. ಜಂಪರ್ ಚೇಂಜ್ ಮಾಡಿ.”

ಐಆರ್‌ಕ್ಯೂ ಅಂದರೆ ಪ್ರೊಸೆಸರನ್ನು ಕರೆಯುವ ಗಂಟೆ. 0ಯಿಂದ 15ರವರೆಗೆ ಒಟ್ಟು 16. ಗಡಿಯಾರಕ್ಕೆ 0, ಕೀಬೋರ್ಡಿಗೆ 1, ಫ್ಲಾಪಿಗೆ 6, ಹಾರ್ಡ್ ಡಿಸ್ಕಿಗೆ 14. 2ನೆಯದು ಈ ಗಂಟೆಗಳನ್ನು ನೋಡಿಕೊಳ್ಳುವ ಎರಡು ಚಿಪ್‌ಗಳನ್ನು ಜೋಡಿಸುವ ಕೆಲಸದಲ್ಲೇ ಕಳೆದುಹೋಗುತ್ತದೆ, ಮದುವೆಮನೆಯಲ್ಲಿ ಉಗ್ರಾಣದ ಬೀಗದಕೈ ಹಿಡಿದ ಚಿಕ್ಕಪ್ಪನ ಹಾಗೆ. ನನ್ನ ಮೌಸ್ ಕಾಮ್ 1 ಪೋರ್ಟಿನಲ್ಲಿತ್ತು, ಮೋಡೆಮ್ ಕಾಮ್ 3ರಲ್ಲಿ. ಹೆಸರು ಬೇರೆ, ಗಂಟೆ ಮಾತ್ರ ಎರಡಕ್ಕೂ 4.

ಅಮ್ಮನಿಗೆ ವಿವರಿಸಿದೆ. “ವಠಾರದಲ್ಲಿ ಒಂದೇ ನಲ್ಲೀಲಿ ಆರು ಮನೆಯೋರು ನೀರು ಹಿಡಿದ್ವಿ. ಇವೆರಡಕ್ಕೆ ಏನು ಬಂತು ರೋಗ?” ಅಂದಳು. ವಠಾರದಲ್ಲಿ ಜಗಳವೇ ಇರಲಿಲ್ಲ ಎಂಬಂತೆ! ಆದರೂ ಕೊಡ ಕೆಳಗಿಟ್ಟು ಮಾಡುವ ಆ ಜಗಳ ಮುಗಿಯುವಷ್ಟರಲ್ಲಿ ಕೊಡ ತುಂಬಿರುತ್ತಿತ್ತು. ಐಎಸ್‌ಎ ಕಾರ್ಡುಗಳಿಗೆ ಅಷ್ಟೂ ಬಾರದು.

ಬಯಾಸ್‌ನಲ್ಲಿ ಖಾಲಿ ಕೂತಿದ್ದ ಕಾಮ್ 2ನ್ನು ಮುಚ್ಚಿಸಿದೆ. ಆ ಜಾಗವನ್ನೂ ಅದರ 3ನೇ ಗಂಟೆಯನ್ನೂ ಮೋಡೆಮ್‌ಗೆ ಕೊಡಲು ಜಂಪರ್ ಕಿತ್ತೆ. ಕಡಲೆಬೇಳೆಯಷ್ಟೂ ಇಲ್ಲದ ಕರಿ ಪ್ಲಾಸ್ಟಿಕ್ಕು ಅದು. ಚಿಮುಟದಿಂದ ಹಾರಿ ಎಲ್ಲೋ ಬಿತ್ತು. ಟಾರ್ಚ್ ಹಿಡಿದು ಮಂಚದ ಕೆಳಗೆ ತೆವಳಿದ್ದಾಯಿತು, ಕಸಬರಿಕೆ ಆಡಿಸಿದ್ದಾಯಿತು. ಅಮ್ಮ ಅಕ್ಕಿಯ ಮೊರ ಪಕ್ಕಕ್ಕಿಟ್ಟು ಬಂದು, ಚಾಪೆಯ ಅಂಚಿನಿಂದ ಅದನ್ನು ಕಲ್ಲು ಆರಿಸುವ ಹಾಗೆ ಎತ್ತಿಕೊಟ್ಟಳು. “ಇದಕ್ಕಾ ಹದಿನೈದು ದಿನ?”

ಆ ರಾತ್ರಿ ಮೋಡೆಮ್ ಕೂಗಿತು, ಮೌಸೂ ಓಡಿತು. ಆದರೆ ಎಸ್‌ಟಿಡಿ ದರ ಇಳಿದ ಹೊತ್ತಿಗೆ ಶಿವಮೊಗ್ಗದಿಂದ ಅತ್ತೆ ಫೋನ್ ಮಾಡುತ್ತಿದ್ದರು. ಇನ್ನು ಅವರಿಗೆ ಸಿಕ್ಕಿದ್ದೆಲ್ಲ ಎಂಗೇಜ್ ಟೋನ್. ರಿಸೀವರ್ ಎತ್ತಿ, “ಯಾರೋ ಒಳಗೆ ಅಳ್ತಿದಾರೆ” ಎಂದು ಅಪ್ಪ ನನ್ನ ಸಂಪರ್ಕ ಕಡಿಯುತ್ತಿದ್ದರು. ಆ ಕಾನ್‌ಫ್ಲಿಕ್ಟಿಗೆ ಜಂಪರ್ ಇರಲಿಲ್ಲ.

ಅಪ್ಪ, ಅಮ್ಮ, ಲ್ಯಾಂಡ್‌ಲೈನು ಈಗ ಯಾವುದೂ ಇಲ್ಲ. ಯುಎಸ್‌ಬಿ ಚುಚ್ಚಿದರೆ ಎಲ್ಲ ತಂತಾನೇ ಹೊಂದಿಕೊಳ್ಳುತ್ತದೆ, ಯಾರನ್ನೂ ಕೂಗಬೇಕಿಲ್ಲ. ನಿಮ್ಮ ಅಟ್ಟದಲ್ಲಿ ಐಎಸ್‌ಎ ಸ್ಲಾಟಿರುವ ಮದರ್‌ಬೋರ್ಡ್ ಬಿದ್ದಿದ್ದರೆ ದಯವಿಟ್ಟು ಗುಜರಿಗೆ ಹಾಕಬೇಡಿ. ಮೋಡೆಮ್ ನನ್ನ ಹತ್ತಿರ ಇದೆ, ಜಂಪರ್ ಸಮೇತ.