ಅರ್ಥ್ ಇಲ್ಲದ ದೀಪ

ಜುಲೈ ಮುಗಿಯುತ್ತಾ ಬಂತೆಂದರೆ ನಮ್ಮ ಬೆಂಗ್ರೆಯ ಗಾಳಿಗೆ ಬಣ್ಣದ ವಾಸನೆ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಬೋಟುಗಳಿಗೆ ರಜೆ. ಆ ರಜೆಯಲ್ಲೇ ನನ್ನ ತಮ್ಮ ಮಲ್ಪೆಯಲ್ಲಿ ಹಳೆಯದೊಂದು ಫೈಬರ್ ದೋಣಿ ಕೊಂಡ. ಸ್ನೇಹಿತನ ಜೀಪಿಗೆ ಟ್ರೇಲರ್ ಕಟ್ಟಿ, ಸುರತ್ಕಲ್, ಪಣಂಬೂರು ದಾಟಿ ತರಬೇಕು.

ಹೊರಡುವ ಹಿಂದಿನ ಸಂಜೆ ಅಂಗಳದಲ್ಲಿ ದೀಪದ ಪರೀಕ್ಷೆ. ಬ್ರೇಕ್ ಒತ್ತಿದರೆ ಸಿಗ್ನಲ್ ಮಿಣುಕುತ್ತದೆ, ಸಿಗ್ನಲ್ ಹಾಕಿದರೆ ಹಿಂದಿನ ದೀಪವೇ ಮಂಕಾಗುತ್ತದೆ. "ಹಗಲಲ್ಲೇ ಬರುವುದಲ್ವಾ ಅಕ್ಕ, ಒಂದು ಕೆಂಪು ಬಟ್ಟೆ ಕಟ್ಟಿದರಾಯ್ತು" ಎಂದ ತಮ್ಮ.

ನಾನು ಒಪ್ಪಲಿಲ್ಲ. 1998ರ ಮಳೆಗಾಲದ ಒಂದು ರಾತ್ರಿ, ಹೆದ್ದಾರಿಯಲ್ಲಿ ಹಿಂದಿನ ದೀಪವಿಲ್ಲದೆ ನಿಂತಿದ್ದ ಲಾರಿಗೆ ನಮ್ಮವರ ಸ್ಕೂಟರ್ ಬಡಿದಿತ್ತು. ಜೀವ ಉಳಿಯಿತು, ಬಲಗಾಲು ಮೊದಲಿನಂತಾಗಲಿಲ್ಲ.

ನೆರೆಮನೆಯ ಹುಡುಗನನ್ನು ಕರೆಸಿದೆ. ನನ್ನ ಹಳೆಯ ವಿದ್ಯಾರ್ಥಿ, ಈಗ ವಯರಿಂಗ್ ಕೆಲಸದವನು. ನೋಡಿದವನೇ, "ಅರ್ಥ್ ಇಲ್ಲ ಟೀಚರ್" ಎಂದ. ಇಷ್ಟು ವರ್ಷ ಕನ್ನಡ ಪಾಠ ಮಾಡಿದವಳಿಗೆ ನಗು ಬಂತು. ಅರ್ಥವಿಲ್ಲದ್ದನ್ನು ಹುಡುಕುವುದು ನನ್ನ ಕೆಲಸವಲ್ಲವೇ!

ಅವನು ವಿವರಿಸಿದ: ಕರೆಂಟು ಹೋದರೆ ಸಾಲದು, ಮರಳಲೂ ದಾರಿ ಬೇಕು. ಆ ದಾರಿ ತುಕ್ಕು ಹಿಡಿದರೆ ಅದು ಬೇರೆ ಬಲ್ಬುಗಳ ಒಳಗಿಂದ ನುಸುಳುತ್ತದೆ. ಆದ್ದರಿಂದಲೇ ಈ ಗೊಂದಲ. ಚಾಸಿಯ ಬಣ್ಣ, ತುಕ್ಕು ಕೆರೆದು ಹೊಳೆಯುವ ಕಬ್ಬಿಣಕ್ಕೆ ಅರ್ಥ್ ವಯರು ಬಿಗಿದ. ಎರಡೂ ಕೆಂಪು ದೀಪಗಳು ಝಗ್ಗೆಂದವು.

"ಟ್ರೇಲರನ್ನು ನೀರಿಗಿಳಿಸುವ ಮೊದಲು ಪ್ಲಗ್ ಕಳಚಿ" ಎಂದು ತಮ್ಮನಿಗೆ ಹೇಳಿದ. "ಬಿಸಿ ಬಲ್ಬು ತಣ್ಣೀರಿಗೆ ಮುಳುಗಿದರೆ ಒಡೆಯುತ್ತದೆ. ಮೇಲೆ ಬಂದ ಮೇಲೆ ಸಿಹಿನೀರಲ್ಲಿ ತೊಳೆಯಿರಿ, ಉಪ್ಪು ವಯರನ್ನು ತಿಂದುಹಾಕುತ್ತದೆ. ಬ್ರೇಕ್ ಒದ್ದೆಯಾದರೆ ಹಿಡಿಯುವುದಿಲ್ಲ. ನಿಧಾನವಾಗಿ ಹೋಗುತ್ತಾ ನಾಲ್ಕೈದು ಸಲ ಮೆಲ್ಲಗೆ ಒತ್ತಿ ಒಣಗಿಸಿ."

ಮರುದಿನ ದೋಣಿ ಬರುವಾಗ ಕತ್ತಲೆಯೇ ಆಗಿತ್ತು. ದಾರಿಯಲ್ಲಿ ಮಳೆಯಂತೆ. ತಣ್ಣೀರುಬಾವಿಯ ಕಡೆಯಿಂದ ಬಂದ ಜೀಪು ನಮ್ಮ ಗೇಟು ದಾಟಿ ಫಲ್ಗುಣಿಯ ದಡಕ್ಕೆ ಹೊರಟಿತು. ನಮ್ಮವರು ಕೋಲೂರಿಕೊಂಡು ರಸ್ತೆಗೆ ಬಂದು, ಆ ಎರಡು ಕೆಂಪು ದೀಪಗಳು ತಿರುವಿನಲ್ಲಿ ಮರೆಯಾಗುವವರೆಗೂ ನೋಡುತ್ತಾ ನಿಂತರು.

"ಚೆನ್ನಾಗಿ ಕಾಣುತ್ತದೆ" ಎಂದರು, ಅಷ್ಟೇ.