ಬಿಸಿಲು, ಕಾಲು, ಕಾರು

ಗಂಗಾವತಿಯಿಂದ ಸಿಂಧನೂರಿಗೆ ಹೋಗುವ ರಸ್ತೆಯಲ್ಲಿ, ಶ್ರೀರಾಮನಗರ ದಾಟಿ ಕಾರಟಗಿ ಇನ್ನೂ ಬರುವ ಮುಂಚೆ, ನಮ್ಮ ಸಿದ್ದಾಪುರ ಸಿಗುತ್ತದೆ. ಬೇಸಿಗೆ ಬೆಳೆಯ ಕೊಯ್ಲಿನ ಹೊತ್ತಿಗೆ ನೀವು ಈ ಕಡೆ ಬಂದವರಾದರೆ ರಸ್ತೆಯ ಅರ್ಧ ಭಾಗ ನಿಮಗೆ ಕಂಡಿರಲಿಕ್ಕಿಲ್ಲ. ಅದರ ಮೇಲೆ ನೆಲ್ಲು ಹರವಿ, ಅಂಚಿಗೆ ಸಾಲಾಗಿ ಕಲ್ಲಿಟ್ಟಿರುತ್ತಾರೆ. ಉಳಿದರ್ಧದಲ್ಲಿ ರೈಸ್‌ಮಿಲ್ಲಿನ ಲಾರಿ, ಎದುರಿಗೆ ಕೊಯ್ಲಿನ ಮಷಿನ್ನು, ಅದರ ಬೆನ್ನಿಗೆ ಹಿಂದಿನ ದೀಪವಿಲ್ಲದ ಟ್ರಾಲಿ ಎಳೆಯುವ ಟ್ರ್ಯಾಕ್ಟರು, ಇವೆಲ್ಲದರ ಸಂದಿಯಲ್ಲಿ ತನ್ನ ದಾರಿ ತಾನೇ ಮಾಡಿಕೊಳ್ಳುವ ಟಂಟಂ. ರೈತರ ಮೇಲೆ ನನಗೆ ಸಿಟ್ಟಿಲ್ಲ. ಕಣವಿಲ್ಲದವನು ನೆಲ್ಲನ್ನು ಎಲ್ಲಿ ಒಣಗಿಸಬೇಕು? ಆ ಅನ್ನವನ್ನೇ ನಾನೂ ಉಣ್ಣುತ್ತೇನೆ, ನೀವೂ ಉಣ್ಣುತ್ತೀರಿ. ಇಷ್ಟೆಲ್ಲ ಹೇಳಿದ್ದು ಯಾಕೆಂದರೆ, ಈ ರಸ್ತೆಯ ಮೇಲೆ ನಾನು ಕಾರು ಓಡಿಸುತ್ತೇನೆ, ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ಕಾಯಿಲೆಯೊಂದನ್ನು ಪಕ್ಕದಲ್ಲಿ ಕೂರಿಸಿಕೊಂಡು.

ಎಂಎಸ್ ಎಂದು ಎರಡಕ್ಷರದಲ್ಲಿ ಕರೆಯುವ ಈ ವ್ಯಾಧಿಯನ್ನು ನಮ್ಮೂರಿನವರಿಗೆ ತಿಳಿಸಲು ನನಗೆ ಸುಲಭವಾದ ಒಂದು ದಾರಿ ಸಿಕ್ಕಿದೆ, ಅದು ಕೆನಾಲ್. ಮುನಿರಾಬಾದಿನಲ್ಲಿ ತುಂಗಭದ್ರೆಯಿಂದ ಹೊರಡುವ ಎಡದಂಡೆ ಕಾಲುವೆಯ ಲೈನಿಂಗ್ ಕಿತ್ತುಹೋದರೆ ಏನಾಗುತ್ತದೆ ಎಂದು ಇಲ್ಲಿ ಹುಟ್ಟಿದ ಮಗುವಿಗೂ ಗೊತ್ತು: ಜಲಾಶಯದಲ್ಲಿ ನೀರಿದೆ, ಗೇಟು ಎತ್ತಿದ್ದಾರೆ, ಆದರೆ ಕೊನೆಭಾಗದ ಹೊಲಕ್ಕೆ ಹನಿ ಮುಟ್ಟುವುದಿಲ್ಲ, ಮುಟ್ಟಿದರೂ ಹೊತ್ತುಮೀರಿ ಮುಟ್ಟುತ್ತದೆ. ನಮ್ಮ ಮಿದುಳು ಮತ್ತು ಬೆನ್ನುಹುರಿಯ ನರತಂತುಗಳಿಗೂ ಮಯಲಿನ್ ಎಂಬ ಒಂದು ಹೊದಿಕೆ ಇದೆ. ದೇಹವನ್ನು ಕಾಯಬೇಕಾದ ರೋಗನಿರೋಧಕ ಶಕ್ತಿಯೇ ಆ ಹೊದಿಕೆಯನ್ನು ಅಲ್ಲಲ್ಲಿ ಕಿತ್ತುಹಾಕುತ್ತದೆ. ಆಗ ಎತ್ತು ಎಂದು ಮಿದುಳು ಕೊಟ್ಟ ಅಪ್ಪಣೆ ಪಾದಕ್ಕೆ ಮುಟ್ಟುವ ಹೊತ್ತಿಗೆ ಸೊರಗಿರುತ್ತದೆ. 1868ರಲ್ಲಿ ಪ್ಯಾರಿಸ್ಸಿನ ಸಾಲ್ಪೆಟ್ರಿಯೇರ್ ಆಸ್ಪತ್ರೆಯಲ್ಲಿ ಶಾರ್ಕೋ ಎಂಬ ವೈದ್ಯ ಇದನ್ನು ಬೇರೆಯದೇ ಒಂದು ಕಾಯಿಲೆಯೆಂದು ಗುರುತಿಸಿ ವಿವರಿಸಿದ. 2020ರ ಒಂದು ಜಾಗತಿಕ ಅಂದಾಜಿನ ಪ್ರಕಾರ ಪ್ರಪಂಚದಲ್ಲಿ 28 ಲಕ್ಷ ಮಂದಿಗೆ ಇದಿದೆ. ಗಂಡಸರಿಗಿಂತ ಹೆಂಗಸರಿಗೆ ಹೆಚ್ಚು, ಇಪ್ಪತ್ತರಿಂದ ನಲವತ್ತರ ಹರೆಯದಲ್ಲಿ ಹೆಚ್ಚು, ಸಮಭಾಜಕ ವೃತ್ತದಿಂದ ದೂರದ ಶೀತಪ್ರದೇಶಗಳಲ್ಲಿ ಹೆಚ್ಚು. ಏಪ್ರಿಲ್ಲಿನಲ್ಲಿ ಚಪ್ಪಲಿ ಬಿಟ್ಟು ಅಂಗಳಕ್ಕಿಳಿಯಲಾಗದ ಈ ಊರಿಗೆ ಅದು ಹೇಗೆ ದಾರಿ ಕಂಡುಕೊಂಡಿತೋ, ಅಂತೂ ಬಂದಿದೆ, ಬಂದದ್ದನ್ನು ನೋಡಿಕೊಳ್ಳಬೇಕು.

ಬಿಸಿಲಿನ ವಿಷಯ ಬಂತಲ್ಲ, ಅದರ ಹತ್ತಿರ ಸ್ವಲ್ಪ ಹೊತ್ತು ಕೂರೋಣ. ನಮ್ಮಂಥವರಿಗೆ ಎಲ್ಲಕ್ಕಿಂತ ಮುಖ್ಯವಾದದ್ದು ಅದೇ. 1890ರಲ್ಲಿ ಊಟ್‌ಹಾಫ್ ಎಂಬ ಜರ್ಮನ್ ನೇತ್ರವೈದ್ಯ, ಈ ಕಾಯಿಲೆಯವರು ಸ್ವಲ್ಪ ಮೈದಣಿದ ಕೂಡಲೇ ಅವರ ದೃಷ್ಟಿ ಮಂಜಾಗುವುದನ್ನೂ, ವಿಶ್ರಾಂತಿ ಪಡೆದರೆ ಮರಳಿ ತಿಳಿಯಾಗುವುದನ್ನೂ ಬರೆದಿಟ್ಟ. ಕಾರಣ ದಣಿವಲ್ಲ, ಮೈಯ ಕಾವು ಎಂಬುದು ಆಮೇಲೆ ತಿಳಿಯಿತು. ಹೊದಿಕೆ ಕಳೆದುಕೊಂಡ ನರಕ್ಕೆ ಅರ್ಧ ಡಿಗ್ರಿ ಉಷ್ಣ ಏರಿದರೂ ಸಾಕು, ಸಂದೇಶ ಸಾಗಿಸುವುದು ಕಷ್ಟವಾಗುತ್ತದೆ. ಎಂಆರ್‌ಐ ಇಲ್ಲದ ಕಾಲದಲ್ಲಿ ವೈದ್ಯರು ರೋಗಿಯನ್ನು ಬಿಸಿನೀರಿನ ತೊಟ್ಟಿಯಲ್ಲಿ ಕೂರಿಸಿ, ಲಕ್ಷಣಗಳು ಮೇಲೇಳುತ್ತವೆಯೇ ಎಂದು ನೋಡಿ ರೋಗನಿರ್ಣಯ ಮಾಡುತ್ತಿದ್ದರಂತೆ. ನಮ್ಮ ಕಡೆ ತೊಟ್ಟಿ ಬೇಕಾಗಿಲ್ಲ, ನೆರಳಿಲ್ಲದ ಬಸ್‌ಸ್ಟಾಪಿನಲ್ಲಿ ಮಧ್ಯಾಹ್ನ ಒಂದಿಷ್ಟು ಹೊತ್ತು ನಿಂತರೆ ಆಯಿತು. ಹಾಗೆ ನಿಂತ ದಿನ ನನ್ನ ಎಡಗಾಲಿನ ತುದಿ ನೆಲ ಕೆರೆಯಲು ಶುರುಮಾಡುತ್ತದೆ, ಬಸ್ಸಿನ ಬೋರ್ಡು ಎರಡೆರಡಾಗಿ ಕಾಣುತ್ತದೆ. ಮೈ ತಣಿದರೆ ಎಲ್ಲ ಮೊದಲಿನ ಹಾಗೆ. ಈ ಮರಳುವಿಕೆಯಲ್ಲಿ ದೊಡ್ಡ ಸಮಾಧಾನವಿದೆ. ಹೊಸ ನರಕ್ಕೆ ಪೆಟ್ಟು ಬಿದ್ದಿಲ್ಲ, ಹಳೆಯ ಗಾಯ ಕಾವಿಗೆ ನೊಂದಿದೆ ಅಷ್ಟೆ ಎಂದು ಅದು ಹೇಳುತ್ತದೆ. ಆದ್ದರಿಂದ ಕಾರಿನೊಳಗಿನ ಎಸಿ ನನಗೆ ಔಷಧಿ. ಹತ್ತುವ ಮುಂಚೆ ನಾಲ್ಕೂ ಬಾಗಿಲು ತೆರೆದು ಬಿಸಿಗಾಳಿ ಹೊರಹಾಕಿ, ಒಳಗೆ ತಂಪಾದ ಮೇಲೆಯೇ ಸೀಟಿಗೆ ಕೂರುತ್ತೇನೆ. ಎದುರುಮನೆಯ ದೊಡ್ಡವ್ವ ಕಟ್ಟೆಯ ಮೇಲಿಂದ, "ಪೆಟ್ರೋಲ್ ಹಾಳ ಆಗತೈತಲ್ಲ ಯವ್ವಾ" ಎನ್ನುತ್ತಿದ್ದಳು. ಕೂರಿಸಿ ತಿಳಿಸಿದೆ. ಈಗ ನಾನು ಮರೆತರೆ ಅವಳೇ ಕೂಗುತ್ತಾಳೆ: "ಮೊದಲ ಗಾಡಿ ತಂಪ ಮಾಡ!"

ನೀವು ಕೇಳಬಹುದು, ಇಷ್ಟು ತಾಪತ್ರಯವಿದ್ದ ಮೇಲೆ ಓಡಿಸಲೇಬೇಕೆ ಎಂದು. ಕೇಳುವವರು ಪ್ರೀತಿಯಿಂದಲೇ ಕೇಳುತ್ತಾರೆ. ನನ್ನ ಉತ್ತರ ಬಹಳ ಸರಳ: ಕಾಲು ಸೋಲುವವಳಿಗೆ ಒಂದು ಕಿಲೋಮೀಟರ್ ನಡೆಯುವುದಕ್ಕಿಂತ ಮೂವತ್ತು ಕಿಲೋಮೀಟರ್ ಓಡಿಸುವುದು ಹಗುರ. ಬಸ್ಸಿನ ಮೊದಲ ಮೆಟ್ಟಿಲು ನನ್ನ ಮೊಣಕಾಲೆತ್ತರ, ಟಂಟಂನಲ್ಲಿ ಸರಿದು ಕೂರಲು ಕಾಲಿಗೆ ಚುರುಕು ಬೇಕು, ಎರಡಕ್ಕೂ ಬಿಸಿಲಲ್ಲಿ ಕಾಯಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಂಥ ದೂರದ ಆಸ್ಪತ್ರೆಗೆ ಹೋಗುವುದಾದರೆ ರೈಲಿದೆ. 2019ರಲ್ಲಿ ಗಂಗಾವತಿಗೆ ಬಂದ ರೈಲು 2024ರಲ್ಲಿ ಸಿಂಧನೂರು ಮುಟ್ಟಿತು, ಈ ಸೀಮೆಯ ರೋಗಿಗಳಿಗೆ ಅದು ಮಾಡಿದ ಉಪಕಾರದ ಮೇಲೆಯೇ ಇನ್ನೊಂದು ಪ್ರಬಂಧ ಬರೆಯಬಹುದು. ಆದರೆ ಪಾಠ ಹೇಳಲು ಶಾಲೆಗೆ, ಸಂತೆಗೆ, ತವರಿಗೆ, ಕಾರಟಗಿಯ ಔಷಧದ ಅಂಗಡಿಗೆ ನನ್ನ ಕಾರೇ ನನ್ನ ಕಾಲು.

ಕಾಲಿನ ಕೆಲಸವನ್ನು ಕೈ ಮಾಡಬಹುದೆಂಬುದನ್ನು ನಾನು ಕಲಿತದ್ದು ಈ ಕಾಯಿಲೆಯಿಂದ ಅಲ್ಲ, ನಮ್ಮಪ್ಪನ ಟ್ರ್ಯಾಕ್ಟರಿನಿಂದ. ನಾಟಿಗೆ ಮುಂಚೆ ಗದ್ದೆ ಹದ ಮಾಡಲು ಅಪ್ಪ ಕಬ್ಬಿಣದ ಕೇಜ್‌ವೀಲ್ ಹಾಕಿಕೊಂಡು ಕೆಸರಿಗಿಳಿಯುತ್ತಿದ್ದರು. ಮುಂಗಾರು ಬಿದ್ದು, ಕೆನಾಲಿಗೆ ನೀರು ಬಿಟ್ಟ ಸುದ್ದಿ ಬಂದರೆ ನಮಗೆ ಶಾಲೆಯ ಪುಸ್ತಕ ಕಾಣುತ್ತಿರಲಿಲ್ಲ. ಮುದುಕರು, ಮಕ್ಕಳು, ಬಾಣಂತಿಯರು ಸಹ ಏರಿಯ ಮೇಲೆ ಹೋಗಿ ನಿಂತು, ಒಣಗಿದ ಕಾಲುವೆಯಲ್ಲಿ ಕಸಕಡ್ಡಿ ನೂಕಿಕೊಂಡು ಬರುವ ಮೊದಲ ಕೆನ್ನೀರನ್ನು ನೋಡುತ್ತಿದ್ದೆವು, ಕೈಮುಗಿಯುವವರು ಕೈಮುಗಿಯುತ್ತಿದ್ದರು, ಆಚೆ, ಆಂಧ್ರದಿಂದ ಬಂದು ನೆಲೆಸಿದವರ ಕ್ಯಾಂಪಿನ ಹೆಂಗಸರು ತೆಲುಗಿನಲ್ಲಿ ಗಂಗಮ್ಮನನ್ನು ಕರೆದು ಅರಿಸಿನ ಕುಂಕುಮ ಬಿಡುತ್ತಿದ್ದರು. ಆ ದಿನಗಳಲ್ಲೇ ಒಂದು ಸಂಜೆ, ಕೇಜ್‌ವೀಲ್ ಬಿಚ್ಚಿ ಟೈರು ಹಾಕಿದ ಮೇಲೆ, ಕೆನಾಲ್ ಪಕ್ಕದ ಮಣ್ಣಿನ ದಾರಿಯಲ್ಲಿ ಅಪ್ಪ ನನ್ನನ್ನು ಮುಂದೆ ಕೂರಿಸಿಕೊಂಡು ಸ್ಟೇರಿಂಗ್ ಕೊಟ್ಟರು. ನನ್ನ ಕಾಲು ಯಾವ ಪೆಡಲಿಗೂ ಎಟಕುತ್ತಿರಲಿಲ್ಲ. ಅಪ್ಪ ಸ್ಟೇರಿಂಗ್ ಹತ್ತಿರದ ಒಂದು ಕಡ್ಡಿಯನ್ನು ತೋರಿಸಿ, "ಕಾಲ್ಯಾಕ ಬೇಕು? ಇದನ್ನ ಸಾವಕಾಶ ಎಳಿ" ಎಂದರು. ಅದು ಕೈಯಿಂದ ಕೊಡುವ ಎಕ್ಸಲೇಟರು, ಎಲ್ಲ ಟ್ರ್ಯಾಕ್ಟರಿನಲ್ಲೂ ಇರುತ್ತದೆ. ಎಳೆದೆ, ಇಂಜಿನ್ನಿನ ದನಿ ಏರಿತು, ಆ ಏರುದನಿ ನನ್ನ ಕೈಯಿಂದ ಹೊರಟಿತೆಂಬ ಸಂತೋಷವನ್ನು ನಾನು ಇನ್ನೂ ಖರ್ಚು ಮಾಡಿ ಮುಗಿಸಿಲ್ಲ.

ಹೀಗಾಗಿ ಮೊದಲ ಸಲ ಹ್ಯಾಂಡ್ ಕಂಟ್ರೋಲ್ ಕಾರನ್ನು ನೋಡಿದಾಗ ನನಗೆ ಅಪರಿಚಿತವೆನಿಸಲಿಲ್ಲ. ಸ್ಟೇರಿಂಗ್ ಪಕ್ಕದಲ್ಲಿ ಒಂದು ಸನ್ನೆ. ಒಂದು ಕಡೆಗೆ ಒತ್ತಿದರೆ ಬ್ರೇಕು, ಇನ್ನೊಂದು ಕಡೆಗೆ ಎಳೆದರೆ ವೇಗ. ಬಲಗಾಲು ಸೋತವರಿಗೆ ಎಕ್ಸಲೇಟರನ್ನು ಎಡಗಾಲಿನ ಕಡೆಗೆ ಬದಲಾಯಿಸಿಯೂ ಕೊಡುತ್ತಾರೆ. ನನಗೆ ಸದ್ಯಕ್ಕೆ ಅದರ ಅವಶ್ಯಕತೆಯಿಲ್ಲ, ನನ್ನ ಬಲಗಾಲು ಗಟ್ಟಿ. ಎಡಗಾಲು ಕ್ಲಚ್ಚಿನ ಕಾಲು, ಕ್ಲಚ್ಚೇ ಇಲ್ಲದ ಕಾರಿನಲ್ಲಿ ಅದು ಆರಾಮವಾಗಿ ಮಲಗಿರಬಹುದು. ಕ್ಲಚ್ಚಿಲ್ಲದ ಕಾರು ಶ್ರೀಮಂತರ ಸ್ವತ್ತಾಗಿದ್ದ ಕಾಲವೊಂದಿತ್ತು. 2014ರಲ್ಲಿ ಮಾರುತಿಯವರು ಸೆಲೆರಿಯೊದಲ್ಲಿ ಎಎಂಟಿ ಗೇರ್ ತಂದರು. ಅದನ್ನು ನೋಡಿ ಉಳಿದವರೂ ಸಣ್ಣ ಕಾರುಗಳಿಗೆ ಅಂಥದನ್ನು ಹಾಕಿದರು. ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ಕಾಲು ನೋಯಿಸಿಕೊಂಡವರಿಗಾಗಿ ಬಂದ ಅನುಕೂಲ ಅದು. ಆದರೆ ಸಿದ್ದಾಪುರದ ಅಕ್ಕೋರೊಬ್ಬಳ ಎಡಗಾಲಿಗೆ ಅದರಿಂದ ಆದ ಬಿಡುಗಡೆಯನ್ನು ಆ ಇಂಜಿನಿಯರುಗಳಿಗೆ ಯಾರಾದರೂ ತಿಳಿಸಬೇಕು.

ಇನ್ನು ಕಣ್ಣು. ಎಂಎಸ್ ಬಹಳ ಸಲ ಮೊದಲು ತಟ್ಟುವ ಬಾಗಿಲು ದೃಷ್ಟಿನರದ್ದು. ಕಣ್ಣು ಹೊರಳಿಸಿದರೆ ನೋವು, ನಡುವೆ ಮಬ್ಬು, ಎಲ್ಲಕ್ಕಿಂತ ವಿಚಿತ್ರವಾಗಿ, ಬಣ್ಣ ಬಾಡುತ್ತದೆ, ಅದರಲ್ಲೂ ಕೆಂಪು. ಹೀಗಾಗಿ ಬೆಳಿಗ್ಗೆ ಹಣೆಗಿಡುವಾಗ ಕುಂಕುಮದ ಭರಣಿಯನ್ನು ಒಂದೊಂದೇ ಕಣ್ಣು ಮುಚ್ಚಿ ನೋಡುತ್ತೇನೆ. ಎರಡು ಕಣ್ಣಿಗೂ ಕೆಂಪು ಒಂದೇ ಕೆಂಪಾಗಿದ್ದರೆ ಸರಿ. ಆಮೇಲೆ ಕುರ್ಚಿಯಲ್ಲಿ ಕುಳಿತು ಬಲಪಾದವನ್ನು ಎತ್ತಿ ಇಳಿಸಿ, ಆ ಕಡೆ ಈ ಕಡೆ ಸರಿಸಿ ನೋಡುತ್ತೇನೆ. ಎಕ್ಸಲೇಟರಿನಿಂದ ಬ್ರೇಕಿಗೆ ಹಾರಬೇಕಾದ ಪಾದ ಅದು, ಅದಕ್ಕೆ ಸೋಮಾರಿತನ ಸಲ್ಲದು. ಕಾಲಿನ ಬಿಗಿತಕ್ಕೆ ಕೊಡುವ ಬ್ಯಾಕ್ಲೋಫೆನ್ ಮಾತ್ರೆ ತೂಕಡಿಕೆ ತರುತ್ತದೆ, ಅದರ ಪ್ರಮಾಣ ಹೆಚ್ಚಿಸಿದ ಹೊಸತರಲ್ಲಿ ಕೀಲಿ ಗೋಡೆಯ ಮೊಳೆಯ ಮೇಲೇ ಇರುತ್ತದೆ. ಮೊಳೆಯ ಮೇಲಿದ್ದ ದಿನ ಮನೆಯಲ್ಲಿ ಯಾರೂ ಯಾಕೆಂದು ಕೇಳುವುದಿಲ್ಲ. ನನ್ನ ತೀರ್ಮಾನವನ್ನು ನನಗೇ ಬಿಟ್ಟಿದ್ದಾರೆ, ಆ ಗೌರವಕ್ಕೆ ನಾನು ಋಣಿ.

ಸರ್ಕಾರವೂ ಈ ಪ್ರಶ್ನೆಗಳನ್ನು ಕೇಳುತ್ತದೆ. ಲೈಸೆನ್ಸಿನ ಅರ್ಜಿಯ ಜೊತೆಗಿನ ಫಾರಂ 1 ಎಂಬ ಸ್ವಯಂಘೋಷಣೆಯನ್ನು ಹೆಚ್ಚಿನವರು ಏಜೆಂಟನ ಕೈಯಲ್ಲಿ ತುಂಬಿಸಿ ಸಹಿ ಹಾಕಿ ಬರುತ್ತಾರೆ. ದಯವಿಟ್ಟು ಒಮ್ಮೆ ಓದಿ. ತಲೆಸುತ್ತು ಬರುತ್ತದೆಯೇ, 25 ಮೀಟರ್ ದೂರದ ನಂಬರ್ ಪ್ಲೇಟು ಕಾಣುತ್ತದೆಯೇ, ಕೈಕಾಲಿನ ಸ್ನಾಯುಬಲದಲ್ಲಿ ಕೊರತೆ ಇದೆಯೇ, ಇರುಳುಗಣ್ಣು ಇದೆಯೇ, ಜನರಿಗೆ ಅಪಾಯವಾಗುವಂಥ ಬೇರೆ ಕಾಯಿಲೆ ಏನಾದರೂ ಇದೆಯೇ. ಎಂಎಸ್ ಇದ್ದವರನ್ನೇ ಎದುರಿಗೆ ಕೂರಿಸಿಕೊಂಡು ಬರೆದ ಹಾಗಿದೆ. ಬ್ರಿಟನ್ನಿನಲ್ಲಿ ಎಂಎಸ್ ಎಂದು ಗೊತ್ತಾದ ಮೇಲೆ ಲೈಸೆನ್ಸ್ ಇಲಾಖೆಗೆ ತಿಳಿಸಲೇಬೇಕು. ತಿಳಿಸಿದವರಿಗೆ ಅಗತ್ಯವಿದ್ದರೆ ಕೆಲವೇ ವರ್ಷಗಳ ಲೈಸೆನ್ಸ್ ಕೊಟ್ಟು, ಮತ್ತೆ ಪರೀಕ್ಷಿಸಿ ಮುಂದುವರಿಸುತ್ತಾರೆ. ಕಾಯಿಲೆ ಏರಿಳಿಯುವಂಥದ್ದಾದ್ದರಿಂದ ಪರವಾನಗಿಯೂ ಅದನ್ನು ಹಿಂಬಾಲಿಸಲಿ ಎಂಬ ಆ ರೀತಿ ನನಗೆ ನ್ಯಾಯವೆನಿಸುತ್ತದೆ. ನಮ್ಮಲ್ಲಿ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಅಂಗವೈಕಲ್ಯಗಳ ಪಟ್ಟಿಯನ್ನು 7ರಿಂದ 21ಕ್ಕೆ ಏರಿಸಿದಾಗ ಮಲ್ಟಿಪಲ್ ಸ್ಕ್ಲೆರೋಸಿಸ್ ಹೆಸರೂ ಸೇರಿತು. ಕಣ್ಣಿಗೆ ಕಾಣದ ಕಾಯಿಲೆಗೆ ಕಾಗದದ ಮೇಲೆ ಹೆಸರು ಸಿಗುವುದು ಸಣ್ಣ ಸಂಗತಿಯಲ್ಲ. ಬೆಳಿಗ್ಗೆ ನೆಟ್ಟಗೆ ನಡೆದುಹೋದವಳು ಮಧ್ಯಾಹ್ನ ಗೋಡೆ ಹಿಡಿದು ಬಂದರೆ, "ಮುಂಜಾನೆ ಛಲೋ ಇದ್ರಲ್ರೀ ಅಕ್ಕೋರ?" ಎನ್ನುವವರು ಸುಳ್ಳು ಹೇಳುತ್ತಿಲ್ಲ, ಅವರು ಕಂಡದ್ದೂ ನಿಜವೇ.

ಹೋದ ಚಳಿಗಾಲದಲ್ಲಿ ಪಕ್ಕದ ಕ್ಯಾಂಪಿನ ಹುಡುಗಿಯೊಬ್ಬಳು ತಾಯಿಯ ಜೊತೆ ಮನೆಗೆ ಬಂದಳು. ನನ್ನದೇ ಕಾಯಿಲೆ, ಹೊಸದು. ನರ್ಸಿಂಗ್ ಓದುತ್ತಿದ್ದಾಳೆ. ಸ್ಕೂಟಿ ಮಾರಿಬಿಡುವುದೆಂದು ಮನೆಯಲ್ಲಿ ಮಾತಾಗಿದೆ. ತಾಯಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು. ನಾನು ಮೊದಲು ಚಹಾ ಕೊಟ್ಟು, ಆಮೇಲೆ ಹೇಳಿದೆ: ಸ್ಕೂಟಿ ಬಿಡುವುದು ಒಳ್ಳೆಯದೇ, ಅದಕ್ಕೆ ಸಮತೋಲ ಬೇಕು, ಕಾರು ತಾನೇ ನಾಲ್ಕು ಗಾಲಿಯ ಮೇಲೆ ನಿಲ್ಲುತ್ತದೆ. ಕಣ್ಣಿನ ಪರೀಕ್ಷೆ ಮಾಡಿಸು, ನರರೋಗದ ಡಾಕ್ಟರನ್ನು ಓಡಿಸಬಹುದೇ ಎಂದು ಬಾಯಿಬಿಟ್ಟು ಕೇಳು, ಅವರು ಹೂಂ ಅಂದರೆ ಅದನ್ನು ಬರೆಸಿಕೋ, ಫಾರಂನಲ್ಲಿ ಇದ್ದದ್ದನ್ನು ಇದ್ದ ಹಾಗೆ ತುಂಬು. ಹುಡುಗಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಕಾರ್ ಯಾರ್ ಕಲಸ್ತಾರ್ರೀ ಅಕ್ಕೋರ ನನಗ?" ಎಂದಳು.

"ಎಲ್ಎಲ್ಆರ್ ಮಾಡಿಸ್ಕೊಂಡ ಬಾ," ಎಂದೆ. "ಕೆನಾಲ್ ದಾರ್ಯಾಗ ನಾನ ಕಲಸ್ತೀನಿ. ಮುಂಜಾನೆ ಆರಕ್ಕ ಬರಬೇಕು ನೋಡು, ಬಿಸಲ ಏರೂದ್ರೊಳಗ."