ಅಪ್ಪನ ಸ್ಟೀರಿಯೋ ಮತ್ತು ಹತ್ತು ಸಾವಿರ ರೂಪಾಯಿ

ಮಧುಗಿರಿಯ ನಮ್ಮ ಮನೆ ಸ್ಟೀರಿಯೋ ವಯಸ್ಸಲ್ಲಿ ನನಗಿಂತ ದೊಡ್ಡದು. ಎರಡು ಕ್ಯಾಸೆಟ್ ಡೆಕ್ಕು, ರೇಡಿಯೋ, ಅಕ್ಕಪಕ್ಕ ಎರಡು ಬಿಡಿ ಸ್ಪೀಕರು. ಸ್ಪೀಕರ್ ಕೋನಿನ ಸುತ್ತ ಇರೋ ಸ್ಪಂಜಿನ ಅಂಚು ಪುಡಿಪುಡಿಯಾಗಿ ಉದುರಿಹೋಗಿ, ಬೇಸ್ ಬಂದಾಗಲೆಲ್ಲ ಒಳಗೆ ಯಾರೋ ಹಪ್ಪಳ ಮುರಿದ ಹಾಗೆ ಸದ್ದು. ಇಷ್ಟು ವರ್ಷ ಆದ್ಮೇಲೆ ಫೋಮಿಗೆ ಇದು ಸಹಜ, ಯಾರನ್ನೂ ಬಯ್ಯೋ ಹಾಗಿಲ್ಲ. ಬದಲಾಯಿಸೋಣ ಅಂತಾಯ್ತು. ಬಜೆಟ್ಟು ಹತ್ತು ಸಾವಿರ. (ಸಾಫ್ಟ್‌ವೇರಿನವರು ಹತ್ತು ಸಾವಿರಕ್ಕೆ ಲೆಕ್ಕ ಹಾಕ್ತಾರಾ ಅನ್ನಬೇಡಿ. ಹಾಕ್ತೀವಿ. :-) )

ತಮ್ಮ ಆಗಲೇ ತೀರ್ಮಾನ ಮಾಡಿಬಿಟ್ಟಿದ್ದ. 5.1 ಹೋಮ್ ಥಿಯೇಟರು, ದೊಡ್ಡ ಸಬ್‌ವೂಫರು, ಮುಗೀತು. ಆದರೆ ಅಪ್ಪ ಆ ಸ್ಟೀರಿಯೋದಲ್ಲಿ ಕೇಳೋದು ಏನನ್ನ? ರಾಜ್‌ಕುಮಾರ್ ಹಾಡು, ಅಶ್ವತ್ಥ್ ಭಾವಗೀತೆ ಈಗ ಫೋನಲ್ಲೇ ಸಿಗುತ್ತೆ. ಎಲ್ಲೂ ಸಿಗದೇ ಇರೋದು ನಾಲ್ಕು ಕ್ಯಾಸೆಟ್ಟು. 1991ರಲ್ಲಿ ನಮ್ಮ ಹಳ್ಳೀಲಿ ಆಡಿದ ಕುರುಕ್ಷೇತ್ರ ನಾಟಕ. ತುಮಕೂರು ಸೀಮೆಯವರಿಗೆ ಇದನ್ನ ವಿವರಿಸಬೇಕಿಲ್ಲ. ಹಾರ್ಮೋನಿಯಂ ಮೇಷ್ಟ್ರು ತಿಂಗಳುಗಟ್ಟಲೆ ಪ್ರಾಕ್ಟೀಸ್ ಮಾಡಿಸಿ, ರಾತ್ರಿ ಶುರುವಾದ್ರೆ ಬೆಳಗಿನ ಜಾವದವರೆಗೂ ನಡೆಯೋ ನಾಟಕ. ಅದರಲ್ಲಿ ನಮ್ಮ ತಾತ ದುರ್ಯೋಧನ. ಪಕ್ಕದ ಮನೆಯವರ ಟೂ-ಇನ್-ಒನ್ ಅನ್ನು ರಂಗದ ಮುಂದಿಟ್ಟು ಅದರ ಒಳಗಿನ ಮೈಕಲ್ಲೇ ರೆಕಾರ್ಡ್ ಮಾಡಿದ್ದು. ನಾನು ಹುಟ್ಟೋ ಹೊತ್ತಿಗೆ ತಾತ ಇರಲಿಲ್ಲ. ನನಗೆ ತಾತ ಅಂದ್ರೆ ಆ ಕ್ಯಾಸೆಟ್ಟೇ.

ಎರಡು ವರ್ಷದಿಂದ ಅಪ್ಪನದು ಒಂದೇ ದೂರು: "ಸದ್ದು ಬರುತ್ತೆ, ಮಾತು ಬರಲ್ಲ." ವಾಲ್ಯೂಮ್ ಏರಿಸ್ತಾರೆ, ಅಮ್ಮ ಇಳಿಸ್ತಾರೆ.

ಹಾಗಾಗಿ ಕ್ಯಾಸೆಟ್ಟಿನ ಹತ್ತು ನಿಮಿಷವನ್ನ ಲ್ಯಾಪ್‌ಟಾಪಿಗೆ ಇಳಿಸಿ ಪೆನ್‌ಡ್ರೈವಿಗೆ ಹಾಕ್ಕೊಂಡೆ. ಯಾರ್ಯಾರ ಮನೇಲಿ ಏನೇನಿದೆಯೋ ಅದರಲ್ಲೆಲ್ಲ ತಾತನನ್ನ ಕೇಳಿ ಆಮೇಲೆ ದುಡ್ಡು ಬಿಚ್ಚೋದು ಅಂತ.

ಮೊದಲು ಪಾವಗಡ, ಚಿಕ್ಕಮ್ಮನ ಮನೆ. ನಮ್ಮ ಜಿಲ್ಲೆಯದೇ ತಾಲ್ಲೂಕಾದ್ರೂ ಮಧುಗಿರಿಯಿಂದ ಹೋಗುವಾಗ ಮಧ್ಯೆ ಸ್ವಲ್ಪ ದೂರ ಆಂಧ್ರ ಹಾಯಬೇಕು, ಬೋರ್ಡೆಲ್ಲ ತೆಲುಗಾಗಿ ಮತ್ತೆ ಕನ್ನಡ ಆಗುತ್ತೆ. ಅಲ್ಲಿ ತಮ್ಮನ ಕನಸಿನಂಥದ್ದೇ 5.1 ಸೆಟ್ಟಿದೆ, ಮೈಮೇಲೆ ಸಾವಿರಾರು ವಾಟ್ ಪಿಎಂಪಿಒ ಅನ್ನೋ ಸ್ಟಿಕ್ಕರು. ಪಿಎಂಪಿಒ ಅಂದ್ರೆ ಕ್ಷಣದ ಯಾವುದೋ ಚೂರಲ್ಲಿ ಬರಬಹುದಾದ ಗರಿಷ್ಠವನ್ನ ಗುಣಿಸಿ ಕೂಡಿಸಿದ ಸಂಖ್ಯೆ, ಅದಕ್ಕೆ ಒಪ್ಪಿತ ಅಳತೆಯೇ ಇಲ್ಲ. ನೋಡಬೇಕಾದ್ದು ಆರ್‌ಎಂಎಸ್. ಅದೂ ಎರಡರಷ್ಟಾದ್ರೆ ಸದ್ದು ಏರೋದು ಬರೀ 3 ಡೆಸಿಬೆಲ್. ಕಿವಿಗೆ ಎರಡರಷ್ಟು ಜೋರು ಅನ್ನಿಸೋಕೆ ಸುಮಾರು 10 ಡೆಸಿಬೆಲ್ ಬೇಕು, ಅಂದ್ರೆ ಹತ್ತು ಪಟ್ಟು ವಾಟು.

ಪೆನ್‌ಡ್ರೈವ್ ಹಾಕಿದ್ವಿ. ರಂಗದ ಹಲಗೆ ಮೇಲಿನ ಹೆಜ್ಜೆ ಸದ್ದು ಗುಡುಗಿದ ಹಾಗೆ ಬಂತು. ತಾತ ಮಾತ್ರ ಬಾವಿಯೊಳಗಿಂದ ಮಾತಾಡ್ತಿದ್ದ. ಕಾರಣ ಸುಲಭ. ಅಂಗೈಯಗಲದ ಚಿಕ್ಕ ಸ್ಪೀಕರುಗಳು 200 ಹರ್ಟ್ಸ್ ಆಸುಪಾಸಿನಿಂದ ಮೇಲಕ್ಕೆ ಮಾತ್ರ ಸರಿಯಾಗಿ ಹಾಡ್ತವೆ, ಸಬ್‌ವೂಫರು ಅದಕ್ಕಿಂತ ಕೆಳಗೇ ಕೈಬಿಡುತ್ತೆ. ಗಂಡಸಿನ ದನಿಯ ಬುಡ ಇರೋದು ಸುಮಾರು 85ರಿಂದ 180 ಹರ್ಟ್ಸ್, ಸರಿಯಾಗಿ ಆ ಬಿರುಕಿನ ಸುತ್ತಮುತ್ತ. ಸಿನಿಮಾಗೆ ಆ ಸೆಟ್ಟು ಚೆನ್ನಾಗೇ ಇದೆ, ಸುಳ್ಳು ಹೇಳಬಾರದು. ದುರ್ಯೋಧನನಿಗಲ್ಲ.

ಇನ್ನೊಂದು ವಿಷಯ. ಸಂಜೆ ಏಳಾದ್ಮೇಲೆ ಆ ಮನೇಲಿ ವೋಲ್ಟೇಜು ಇಳಿದು ಆಂಪ್ಲಿಫೈಯರು ಗುಂಯ್ ಅನ್ನೋಕೆ ಶುರು. ಅದೇ ತಾಲ್ಲೂಕಿನ ತಿರುಮಣಿ ಸುತ್ತ 13 ಸಾವಿರ ಎಕರೆಯಲ್ಲಿ 2,050 ಮೆಗಾವ್ಯಾಟ್ ಸೋಲಾರ್ ಪಾರ್ಕ್ ಇದೆಯಲ್ಲೋ ಅಂದೆ. "ಸೂರ್ಯ ಮುಳುಗಿದ್ಮೇಲೆ ತಾನೇ ನಾವು ಹಾಡು ಹಾಕೋದು" ಅಂದ ಚಿಕ್ಕಮ್ಮನ ಮಗ. ತಮಾಷೆ ಹಾಗಿರಲಿ, ನಮ್ಮ ಮನೇಲೂ ಅದೇ ಕಥೆ. ಹಳೇ ಥರದ ದೊಡ್ಡ ಟ್ರಾನ್ಸ್‌ಫಾರ್ಮರಿನ ಆಂಪ್ಲಿಫೈಯರು ಬೇಡ, ಲ್ಯಾಪ್‌ಟಾಪ್ ಚಾರ್ಜರಿನ ಹಾಗೆ 100ರಿಂದ 240 ವೋಲ್ಟ್ ತನಕ ತಡೆಯೋ ಅಡಾಪ್ಟರಿನದೇ ಬೇಕು ಅಂತ ಅಲ್ಲೇ ಬರ್ಕೊಂಡೆ.

ಮುಂದಿನ ಭಾನುವಾರ ಶಿರಾ, ಸೋದರಮಾವನ ಮನೆ. ಮಾವ ಕಾಲೇಜಲ್ಲಿದ್ದಾಗ ತಾವೇ ಬೆಸುಗೆ ಹಾಕಿದ ತಗಡಿನ ಡಬ್ಬಿಯ ಆಂಪ್ಲಿಫೈಯರು. ಒಳಗೆ ಎಲ್‌ಎ 4440 ಐಸಿ, ಒಂದೊಂದು ಕಡೆಗೆ ಬರೀ 6 ವಾಟು. ಬಡಗಿ ಮಾಡಿಕೊಟ್ಟ ಮರದ ಪೆಟ್ಟಿಗೆಯಲ್ಲಿ ಎಂಟಿಂಚಿನ ಕಾಗದದ ಕೋನು. ನಾನು ಏನೂ ನಿರೀಕ್ಷೆ ಇಟ್ಟಿರಲಿಲ್ಲ. ತಾತ ಬಾಯಿ ಬಿಟ್ಟ ನೋಡಿ, ಅಪ್ಪ ಕೂತಲ್ಲೇ ನೆಟ್ಟಗಾದ್ರು. ಮಾತು ಮಾತಾಗೇ ಬಂತು!

ದೊಡ್ಡ ಕೋನು ಕಡಿಮೆ ವಾಟಿಗೇ ಜೋರಾಗಿ ಹಾಡುತ್ತೆ, ದನಿಯ ಬಹುಪಾಲು ಒಂದೇ ಕೋನಿಂದ ಬರುತ್ತೆ, ಅದೆಲ್ಲ ಸರಿ. ಆದ್ರೆ ನನಗೆ ಅನುಮಾನ ಬಂದಿದ್ದು ರೂಮಿನ ಮೇಲೆ. ಅದು ಮಾವನ ಉಗ್ರಾಣ, ಸೂರಿನವರೆಗೂ ಕಡಲೆಕಾಯಿ ಮೂಟೆ. ಸ್ಪೀಕರುಗಳನ್ನ ಹೊತ್ತು ಮುಂದಿನ ಹಜಾರಕ್ಕೆ ತಂದು ಅದೇ ಹತ್ತು ನಿಮಿಷ ಹಾಕಿದ್ವಿ. ಸುಣ್ಣದ ಗೋಡೆ, ನುಣ್ಣನೆ ನೆಲ. ಮಾತು ಮತ್ತೆ ಕಲಸಿಹೋಯ್ತು. ಅತ್ತೆಗೆ ಇದೇನು ಹುಚ್ಚು ಅನ್ನಿಸಿರಬೇಕು, ಆದ್ರೆ ನಮಗಿಂತ ಮುಂಚಿನ ಹುಚ್ಚ ಒಬ್ಬ ಇದ್ದಾನೆ. 1895ರ ಸುಮಾರಿಗೆ ಹಾರ್ವರ್ಡಿನ ವ್ಯಾಲೇಸ್ ಸೇಬಿನ್, ಮಾತು ಕೇಳಿಸದ ಒಂದು ಲೆಕ್ಚರ್ ಹಾಲಿಗೆ ಪಕ್ಕದ ಥಿಯೇಟರಿನ ಸೀಟಿನ ದಿಂಬುಗಳನ್ನ ರಾತ್ರಿ ಹೊತ್ತು ತಂದಿಟ್ಟು, ಸದ್ದು ಸಾಯೋಕೆ ಎಷ್ಟು ಸೆಕೆಂಡ್ ಅಂತ ಅಳೀತಿದ್ದ. ಅವನ ಸೂತ್ರಕ್ಕೆ ನಮ್ಮ ಮಧುಗಿರಿ ಹಾಲ್ ಹಾಕಿ ನೋಡಿದೆ. 14 ಅಡಿಗೆ 12 ಅಡಿ, ಹತ್ತಡಿ ಎತ್ತರ, ಕಲ್ಲುಚಪ್ಪಡಿ ಸೂರು. ಅಂದಾಜು ಒಂದೂವರೆ ಸೆಕೆಂಡು. ಹೊಸ ಅಕ್ಷರ ಬರೋವಾಗ ಹಳೇ ಅಕ್ಷರ ಇನ್ನೂ ಗೋಡೆಯಲ್ಲೇ ಓಡಾಡ್ತಿರುತ್ತೆ! ಆರು ಚದರ ಮೀಟರ್ ದಪ್ಪ ಬಟ್ಟೆ ಬಿದ್ದರೆ ಒಂದು ಸೆಕೆಂಡಿನ ಹತ್ತಿರ ಬರುತ್ತೆ.

ಆದ್ರೂ ಶಿರಾದಲ್ಲಿ ಕೂಡ ಸ, ಶ, ತ ಮಂಕಾಗೇ ಇತ್ತು. ಸ್ವರಗಳ ಬಲ ತಗ್ಗಿನ ಕಂಪನದಲ್ಲಿ, ವ್ಯಂಜನಗಳ ಚೂಪು ಎರಡು ಸಾವಿರ ಹರ್ಟ್ಸಿನಿಂದ ಮೇಲೆ. ಅದು ಕ್ಯಾಸೆಟ್ಟಿಂದ ಪೆನ್‌ಡ್ರೈವಿಗೇ ಬಂದಿಲ್ಲ ಅಂದ್ರೆ ಯಾವ ಸ್ಪೀಕರ್ ತಂದು ಏನುಪಯೋಗ?

ಅದಕ್ಕೆ ಡೆಕ್ಕನ್ನೇ ಎತ್ತಿಕೊಂಡು ಕೊರಟಗೆರೆಗೆ. ಅಲ್ಲೊಬ್ಬ ಹಿರಿಯರು ಇವತ್ತಿಗೂ ಟೇಪ್ ರಿಪೇರಿ ಮಾಡ್ತಾರೆ. ಬೆಲ್ಟ್ ಬದಲಾಯಿಸಿದ್ರು, ರಬ್ಬರ್ ರೋಲರ್ ಹಾಕಿದ್ರು, ಹೆಡ್ ಒರೆಸಿದ್ರು. ಆಮೇಲೆ ತಾತನ ಕ್ಯಾಸೆಟ್ ಓಡ್ತಾ ಇರೋವಾಗಲೇ ಹೆಡ್ಡಿನ ಪಕ್ಕದ ಒಂದು ಪುಟಾಣಿ ಸ್ಕ್ರೂ ಕಾಲು ಸುತ್ತು ತಿರುಗಿಸಿದ್ರು. ಮುಸುಕು ತೆಗೆದ ಹಾಗಾಯ್ತು. ಅಜಿಮತ್ ಅಂತಾರೆ ಅದಕ್ಕೆ. ರೆಕಾರ್ಡ್ ಮಾಡಿದ ಹೆಡ್ಡಿನ ಓರೆಗೂ ಕೇಳಿಸೋ ಹೆಡ್ಡಿನ ಓರೆಗೂ ಕೂದಲೆಳೆ ವ್ಯತ್ಯಾಸ ಇದ್ರೂ ಚೂಪು ಸದ್ದೆಲ್ಲ ಮಾಯ. ಪಕ್ಕದ ಮನೆ ಟೂ-ಇನ್-ಒನ್ನಿನ ಓರೆ ಮೂವತ್ತು ಚಿಲ್ಲರೆ ವರ್ಷ ಆ ಟೇಪಲ್ಲೇ ಕೂತಿತ್ತು. ಒಟ್ಟು 700 ರೂಪಾಯಿ, ಸ್ಕ್ರೂಗೆ ದುಡ್ಡು ತಗೊಳ್ಲಿಲ್ಲ.

ಉಳಿದ ಲೆಕ್ಕ ಬೇಗ ಮುಗೀತು. ರಬ್ಬರ್ ಅಂಚಿನ ಆರೂವರೆ ಇಂಚಿನ ಸೆಕೆಂಡ್ ಹ್ಯಾಂಡ್ ಬುಕ್‌ಶೆಲ್ಫ್ ಸ್ಪೀಕರ್ ಜೋಡಿ ಬೆಂಗಳೂರಲ್ಲಿ 5,500ಕ್ಕೆ. ಅಡಾಪ್ಟರ್ ಸಮೇತ ಚಿಕ್ಕ ಕ್ಲಾಸ್-ಡಿ ಆಂಪ್ಲಿಫೈಯರು 2,200, ಬ್ಲೂಟೂತ್ ಇದೆ, ತಮ್ಮನಿಗೆ ಅಷ್ಟು ಸಮಾಧಾನ. ವೈರು, ಕಿವಿಯ ಎತ್ತರಕ್ಕೆ ಎರಡು ಮರದ ಸ್ಟ್ಯಾಂಡು ಸೇರಿ 400. ದಪ್ಪ ಬಟ್ಟೆ ಟ್ರಂಕಲ್ಲೇ ಇತ್ತು, ಅಜ್ಜಿ ಕಾಲದ ಕುರಿ ಉಣ್ಣೆಯ ಕಂಬಳಿಗಳು. ಗೋಡೆಗೆ ಕಂಬಳಿ ನೇತುಹಾಕೋದಾ, ನೋಡಿದವರು ಏನಂದುಕೊಂಡಾರು ಅಂತ ಅಮ್ಮ ಎರಡು ದಿನ ಮುನಿಸಿಕೊಂಡಿದ್ರು. ಬಿದಿರಿನ ಕೋಲಿಗೆ ನೀಟಾಗಿ ಇಳಿಬಿಟ್ಟ ಮೇಲೆ ಚೆನ್ನಾಗೇ ಕಾಣುತ್ತೆ ಅಂದ್ರು.

8,800 ಖರ್ಚು, 1,200 ಉಳೀತು. ಅದನ್ನ ನಾನು ಬೇರೆಯದಕ್ಕೆ ಎತ್ತಿಟ್ಟಿದೀನಿ. ಇಷ್ಟೆಲ್ಲ ಆದ್ಮೇಲೂ ತಾತನ ಸಾಲುಗಳಲ್ಲಿ ಅಲ್ಲಲ್ಲಿ ಅಪ್ಪ "ಏನಂದ?" ಅಂತ ಕೇಳ್ತಾರೆ. ನನಗೆ, ತಮ್ಮನಿಗೆ, ಅಮ್ಮನಿಗೆ ಸ್ಪಷ್ಟ ಕೇಳಿಸೋ ಕಡೆ. ಅರವತ್ತು ದಾಟಿದವರಲ್ಲಿ ಮೊದಲು ಮಂದವಾಗೋದು ಆ ಚೂಪು ಸದ್ದುಗಳೇ, ಅದಕ್ಕೆ ತುಮಕೂರಲ್ಲಿ ಒಮ್ಮೆ ಕಿವಿ ಟೆಸ್ಟ್ ಮಾಡಿಸೋಣ ಅಂದೆ. "ನನ್ ಕಿವಿಗೇನಾಗಿದೆ?" ಅಂದ್ರು.

ಮೂರು ಕ್ಯಾಸೆಟ್ಟು ಲ್ಯಾಪ್‌ಟಾಪಿಗೆ ಇಳಿದಾಗಿದೆ. ನಾಲ್ಕನೆಯದು ಬಾಕಿ, ಗದಾಯುದ್ಧ ಅದರಲ್ಲೇ ಇರೋದು. ತುಮಕೂರಿಗೆ ಹೋಗಿಬಂದ ಮೇಲೇ ಅದನ್ನ ಹಾಕೋದು ಅಂತ ಹೇಳಿದೀನಿ. ಅಪ್ಪ ಇನ್ನೂ ಹೂಂ ಅಂದಿಲ್ಲ.